ಸೊನ್ನೆಗಳ ನಡುವಿನ ಸುಣ್ಣ

ಅಂದಕ್ಕಾಗಿ ದೂರವಾಣಿ ಸಂಖ್ಯೆಯನ್ನು ಸಂದಿಲ್ಲದೆ ಬರೆಸಿದವರು ಏನನ್ನೂ ಕಳೆದುಕೊಳ್ಳಲಿಲ್ಲ. ಗಂಡನನ್ನು ಕಳೆದುಕೊಂಡವಳು ನಮ್ಮ ದೊಡ್ಡವ್ವ. ಅವಳ ಬಲಗೈ ಹೆಬ್ಬೆರಳು ಸದಾ ಬೆಳ್ಳಗಿರುತ್ತಿತ್ತು. ಎಲೆಗೆ ಹಚ್ಚುವ ಸುಣ್ಣ ಉಗುರಿನ ಅಂಚಿನಲ್ಲಿ ಒಣಗಿ, ತೊಳೆದರೂ ಹೋಗದಂತೆ ಕೂತಿತ್ತು.

ಯಾದಗಿರಿ ಕಡೆಯಿಂದ ಮರಾಠಿ ನಾಡಿಗೆ ಬಂದು ಮಗರಪಟ್ಟಾದ ಬಳಿ ಕಟ್ಟಡದ ಕೆಲಸ ಮಾಡುತ್ತಿದ್ದ ಅವಳನ್ನು ತಗಡಿನ ಶೆಡ್ಡುಗಳ ಸಾಲಿಗೆ ಸಾಲೇ ದೊಡ್ಡವ್ವ ಎನ್ನುತ್ತಿತ್ತು. ಭಾನುವಾರ ಅಕ್ಷರ ಕಲಿಸಲು ಹೋಗುತ್ತಿದ್ದ ನಾನೂ ಹಾಗೆಯೇ ಕರೆದೆ. ಗೋಡೆಯ ಮೇಲೆ ಯಾರ ನಂಬರು ಬರೆದುಕೊಟ್ಟರೂ ಎರಡೆರಡು ಅಂಕಿಗೊಮ್ಮೆ ಹೆಬ್ಬೆರಳಿನಿಂದ ಸುಣ್ಣದ ಗೆರೆ ಎಳೆಯುತ್ತಿದ್ದಳು. "ಜೋಡಿ ಜೋಡಿ ಬಂದ್ರ ಮಾರಿ ಗುರ್ತ ಹತ್ತತದ್ರಿ ಅಕ್ಕೋರ. ಸಾಲಾಗಿ ನಿಂತ್ರ ಪೊಲೀಸ್ರ ಹಂಗ, ಎಲ್ಲಾರೂ ಒಂದೇ" ಎಂದು ನಗುತ್ತಿದ್ದಳು.

ಅಪಘಾತವಾದರೆ ಮೊದಲು ತನ್ನ ನಂಬರಿಗೇ ಕರೆಯಬೇಕು, ತನ್ನ ಗಾಡಿಯೇ ಬರುತ್ತದೆ ಎಂಬುದು ಬಿಲ್ಡರನ ಕಟ್ಟಪ್ಪಣೆ. ನಡುವೆ ಐದು ಸೊನ್ನೆಗಳಿದ್ದ ಆ ಪ್ರತಿಷ್ಠೆಯ ನಂಬರು ಗೇಟಿನ ಫಲಕದ ಮೇಲೆ ಒಂದೇ ಮುದ್ದೆಯಾಗಿತ್ತು. ಗಂಡ ಸಾರವೆಯಿಂದ ಬಿದ್ದಾಗ ದೊಡ್ಡವ್ವ ಅದನ್ನು ನೋಡಿಕೊಂಡೇ ಒತ್ತಿದಳು. ಅವಳ ಮೊಬೈಲಿನ ಪರದೆಯೂ ಅಂಕಿಗಳನ್ನು ಬಿಡಿಸಿ ತೋರಿಸಲಿಲ್ಲ. ಒಂದು ಸೊನ್ನೆ ತಪ್ಪಿತು. ನಂಬರು ಸರಿಯಿಲ್ಲವೆಂದು ಮರಾಠಿಯಲ್ಲಿ ಒಂದು ಹೆಣ್ಣುದನಿ ಹೇಳಿತು. ಮತ್ತೆ ಒತ್ತಿದಳು, ಮತ್ತೆ ಅದೇ ದನಿ. ಯಾರೋ ಓಡಿಹೋಗಿ ಗಾಡಿ ಕರೆತರುವಷ್ಟರಲ್ಲಿ ಅವನ ಉಸಿರು ನಿಂತಿತ್ತು.

ವಿಚಾರಣೆಗೆ ಬಂದ ಬಿಲ್ಡರನ ಸುರಕ್ಷತಾ ಅಧಿಕಾರಿ ಬೆಂಗಳೂರಿನವನು. ನನ್ನೆದುರೇ ಕೇಳಿದ: "ಏನಮ್ಮಾ, ಸೊನ್ನೆ ಎಣಿಸೋಕೂ ಬರಲ್ವಾ?"

"ಬರ್ತದ್ರೀ ಸಾಹೇಬ್ರ. ಎಣಸಾಕ ನೀವು ಜಾಗಾನೇ ಬಿಟ್ಟಿಲ್ಲ. ನಿಮ್ಮ ನಂಬರ್ ಹೇಳ್ರಿ ನೋಡೂಣು, ನಡುವ ಎಲ್ಲೂ ನಿಂದ್ರಲಾರ್ದ."

ಅವನು ಹೇಳತೊಡಗಿದ, ಐದನೆಯ ಅಂಕಿಗೆ ತಾನೇ ತಡೆದ.

"ನಿಂತ್ರಿ ನೋಡ್ರಿ," ಎಂದಳು. ಅವನ ಮುಖ ಕೆಂಪಾಯಿತು, ಮನಸ್ಸು ಬದಲಾಗಲಿಲ್ಲ. 'ಮೃತನ ಹೆಂಡತಿ ತಪ್ಪು ನಂಬರ್ ಒತ್ತಿದ್ದರಿಂದ ವಿಳಂಬ' ಎಂದು ವರದಿ ಬರೆದ.

ಅಂದಿನಿಂದ ದಿನ ಬೆಳಗಾದರೆ ದೊಡ್ಡವ್ವ ಫಲಕದ ಅಂಕಿಗಳ ನಡುವೆ ಸುಣ್ಣದ ಗೆರೆ ಎಳೆದು ಕೆಲಸಕ್ಕೆ ಹೋಗುತ್ತಿದ್ದಳು. ಕಾವಲುಗಾರ ಬಟ್ಟೆಯಿಂದ ಒರೆಸುತ್ತಿದ್ದ. "ಒರಸಪ್ಪಾ, ನಿನ್ನ ಅರಬಿ ಹರದೀತು, ನನ್ನ ಸುಣ್ಣ ತೀರಂಗಿಲ್ಲ." ಈ ಅಪರಾಧಕ್ಕೆ ಅವಳ ಕೆಲಸವನ್ನೂ ಕಿತ್ತುಕೊಂಡರು. ಈ ಮಳೆಗಾಲ ಕಾಮಾಲೆ ಅವಳನ್ನು ಒಯ್ದಿತು. ಕಡೆಯ ಸಲ ಕಂಡಾಗ ಸುಣ್ಣದ ಡಬ್ಬಿಯನ್ನು ನನ್ನ ಕೈಗಿಟ್ಟು ಅಂದಳು: "ಗಂಡನ್ನ ನಾನೇ ಕೊಂದೀನಂತ ಅವರ ಕಾಗದದಾಗ ಅದ ಅಕ್ಕೋರ. ಅಳಸಸ್ರಿ."

ನಾನು ಕ್ಷಮಿಸುವವಳಲ್ಲ. ಫೋನು ತಯಾರಿಸುವವರೇ, ಒತ್ತುತ್ತಿರುವಾಗಲೇ ಅಂಕಿಗಳನ್ನು ಬಿಡಿಸಿ ತೋರಿಸಿ. ಬಿಲ್ಡರೇ, ಫಲಕವನ್ನು ಜೋಡಿ ಜೋಡಿಯಾಗಿ ಮತ್ತೆ ಬರೆಸಿ; ಅಲ್ಲಿಯವರೆಗೆ ಆ ಡಬ್ಬಿ ಹಿಡಿದು ಪ್ರತಿ ಭಾನುವಾರ ನಿಮ್ಮ ಗೇಟಿಗೆ ಬರುತ್ತೇನೆ. ಅಧಿಕಾರಿಯವರೇ, ವರದಿಯ ಆ ಸಾಲನ್ನು ಶೆಡ್ಡಿನ ಜನರೆಲ್ಲರ ಮುಂದೆ ನಿಮ್ಮ ಕೈಯಿಂದಲೇ ಹೊಡೆದುಹಾಕಿ, ಅವಳನ್ನು ದೂರಿದ ಜಾಗದಲ್ಲಿ ನಿಮ್ಮ ಹೆಸರು ಬರೆಯಿರಿ.