ರಾಜ ಹುರಿದ ಮಂಡಕ್ಕಿ

ರಾಜ ಹುರಿದ ಮಂಡಕ್ಕಿ ತಿಂದೀರೇನ್ರಿ ನೀವು? ನಾನು ಸೇರುಗಟ್ಟಲೆ ತಿಂದೀನಿ!

ಆಗ ನಾನು ಹದಿನಾಲ್ಕು ವರ್ಸದ ಹುಡುಗಿ. ಹರಿಹರದಾಗೆ ನಾಟಕ ಕಂಪ್ನಿ ಬಿಡಾರ ಹಾಕಿದ್ರೆ, ನಾವು ದಾವಣಗೆರೆಯಿಂದ ರೈಲು ಹತ್ತಿ ಹೋಗಿ ನೋಡ್ತಿದ್ವಿ. ಅಲ್ಲಿ ರಾಜನ ಪಾರ್ಟು ಮಾಡೋ ಹುಡುಗನ್ನ ಕಂಡ್ರೆ ಊರಿಗೂರೇ ಹುಚ್ಚು. ನಾಟಕ ಮುಗಿದ ಕೂಡ್ಲೆ ಜನ ಹಾರದ ಜತಿಗೆ ಬಾಟ್ಲಿನೂ ಕೊಡೋರು. ಕುಡಿದೂ ಕುಡಿದೂ ಒಂದಿನ ಸ್ಟೇಜಿನ ಮ್ಯಾಲೇ ಬಿದ್ದ.

ಮುಂದಿನ ವರ್ಸ ನೋಡಿದ್ರೆ, ಅದೇ ರಾಜ ನಮ್ಮ ಬೀದಿ ಮಂಡಕ್ಕಿ ಭಟ್ಟಿಯಾಗೆ ತಲಿಗೆ ಟವಲ್ ಸುತ್ಕೊಂಡು ನಿಂತಾನೆ! ಕುಡಿತ ಬಿಟ್ಟು ಆರು ತಿಂಗಳಾಗಿತ್ತಂತೆ. ಭಟ್ಟಿ ಸಾಹೇಬ್ರು ಬಂದೋರಿಗೆಲ್ಲ ಹೇಳೋರು: "ಇವ ಇಲ್ಲಿ ಮಂಡಕ್ಕಿ ಹುರಿಯೋನು ಅಷ್ಟೇ. ಹಾಡು ಗೀಡು ಅಂತ ಕೇಳಬ್ಯಾಡ್ರಿ."

ಪಾಪ, ಮೊದಮೊದ್ಲು ಮರಳು ಜಾಸ್ತಿ ಕಾಯಿಸಿ ಎಲ್ಲಾ ಕರ್ರಗೆ ಮಾಡೋನು. ನಾನು ಚೀಲ ಹಿಡ್ಕೊಂಡು, "ಮಹಾರಾಜ್ರೇ, ಇದು ಮಂಡಕ್ಕಿನೋ ಇದ್ದಿಲೋ?" ಅಂತ ಕಾಡಿಸ್ತಿದ್ದೆ. ನಕ್ಕು ಮತ್ತೆ ಬಾಣಲಿಗೆ ಅಕ್ಕಿ ಸುರಿಯೋನು.

ಒಂದಿನ ಬಾಣಲಿ ತುಂಬ ಬೆಳ್ಳಗೆ, ದುಂಡಗೆ ಅರಳ್ತು ನೋಡ್ರಿ. ನಂಗೆ ತಡ್ಕೊಳ್ಳಾಕಾಗ್ಲಿಲ್ಲ, ಜೋರಾಗಿ ಚಪ್ಪಾಳೆ ಹೊಡೆದುಬಿಟ್ಟೆ. ಅವನ ಮುಖ ಒಂದು ಗಳಿಗೆ ಬಿಳಿಚ್ಕೊಂತು. ಆಮ್ಯಾಲೆ ಜರಡಿ ಕೆಳಗಿಟ್ಟು ಅಂದ:

"ಚಪ್ಪಾಳೆ ಬ್ಯಾಡ ತಂಗಿ, ಅದರ ಹಿಂದೇನೆ ಬಾಟ್ಲಿ ಬರ್ತಿತ್ತು. ಚೆನ್ನಾಗಿದ್ರೆ ಇನ್ನೊಂದು ಸೇರು ತಗೊಂಡು ಮನಿಗೆ ನಡಿ!"