ಅಳೆಯದ ಮಳೆಯ ಹನ್ನೊಂದು ಸಾಲು

ನಿಮ್ಮ ಅಜ್ಜ ಮದುವೆಗೆ ಮೊದಲು ಮೂಡಿಗೆರೆ ಹತ್ತಿರದ ಎಸ್ಟೇಟೊಂದರಲ್ಲಿ ಲೆಕ್ಕಪತ್ರ ಬರೆಯುವ ರೈಟರ್ ಆಗಿದ್ದರು. ಅಲ್ಲಿ ಕಲಿತ ಒಂದು ಅಭ್ಯಾಸವನ್ನು ನಮ್ಮದೇ ಮೂರೆಕರೆ ಕಾಫಿ ಆದ ಮೇಲೂ ಬಿಡಲಿಲ್ಲ. ದಿನಾ ಬೆಳಿಗ್ಗೆ ಎಂಟಕ್ಕೆ ಕಣದ ಮೂಲೆಯ ಮಳೆಮಾಪಕದ ನೀರನ್ನು ಅಳತೆ ಗಾಜಿಗೆ ಸುರಿದು, ಎಷ್ಟು ಇಂಚು, ಇಂಚಿನ ನೂರನೇ ಪಾಲಾದ ಸೆಂಟ್ ಎಷ್ಟು ಎಂದು ನೋಡಿ ರಿಜಿಸ್ಟರಿನಲ್ಲಿ ಇಂಗ್ಲಿಷಿನಲ್ಲಿ ಬರೆಯುತ್ತಿದ್ದರು. ‘ರೇನ್ ಫೆಲ್’, ಅದರ ಮುಂದೆ ಅಂಕಿ. ಮಳೆಯಿಲ್ಲದ ದಿನ ‘ನೋ ರೇನ್’.

ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸು ಓದಿದ ನನಗೆ ‘ಫಾಲ್’ ಗೊತ್ತಿತ್ತು, ‘ಫೆಲ್’ ಗೊತ್ತಿರಲಿಲ್ಲ. ಒಮ್ಮೆ ಕೇಳಿದೆ.

“ಬಿದ್ದು ಆಯ್ತಲ್ಲ ಮಾರಾಯ್ತಿ, ಅದಕ್ಕೆ ಫೆಲ್. ಇನ್ನೂ ಬೀಳದ ಮಳೆನ ಯಾರು ಬರೀತಾರೆ?” ಎಂದರು.

ಒಂದು ಜೂನ್‌ನಲ್ಲಿ ಅವರನ್ನು ಮಂಗಳೂರಿನ ಆಸ್ಪತ್ರೆಗೆ ಸೇರಿಸಿದೆವು. ಹನ್ನೊಂದನೆಯ ದಿನ ದೇಹವನ್ನು ಚಾರ್ಮಾಡಿ ಘಾಟಿ ಹತ್ತಿಸಿ ಮನೆಗೆ ತಂದೆವು. ಮಾರನೆಯ ಬೆಳಿಗ್ಗೆ ಎಂಟಕ್ಕೆ ನನ್ನ ಕಾಲು ತಾನಾಗಿ ಕಣದ ಕಡೆ ಹೋಯಿತು. ಮಾಪಕದ ಬಾಟಲಿ ತುಂಬಿ ಹೊರಚೆಲ್ಲಿತ್ತು. ಅಷ್ಟು ದಿನದ ಮಳೆ ಒಂದರೊಳಗೊಂದು ಬೆರೆತು ಹೋಗಿತ್ತು. ಮೂವತ್ತು ವರ್ಷ ಒಂದು ದಿನವೂ ತಪ್ಪದ ರಿಜಿಸ್ಟರಿನಲ್ಲಿ ಹನ್ನೊಂದು ಸಾಲು ಖಾಲಿ.

ನನ್ನ ಮೈದುನ, ಅಂದರೆ ನಿಮ್ಮ ಚಿಕ್ಕಜ್ಜ, ಗುಡ್ಡದಾಚೆಯ ಎಸ್ಟೇಟಿನಿಂದ ಅಂಕಿ ತಂದು ತುಂಬಿಸೋಣ ಎಂದ. ಅಣ್ಣನ ಪುಸ್ತಕ ಅರ್ಧಕ್ಕೆ ಹರಿದ ಹಾಗೆ ಕಾಣಬಾರದೆಂದು ಅವನಿಗೆ ಆಸೆ. ನನಗೂ ಅದೇ ಆಸೆಯಿತ್ತು. ಆದರೆ ಗುಡ್ಡದಾಚೆಯ ಮಳೆ ನಮ್ಮದಲ್ಲ. ನಿಮ್ಮ ಅಜ್ಜ ತಾವು ಅಳೆಯದ ಒಂದು ಸೆಂಟನ್ನೂ ರಿಜಿಸ್ಟರಿನಲ್ಲಿ ಬರೆದವರಲ್ಲ.

ತೋಟದ ಕೆಲಸಕ್ಕೆ ಬರುವವಳನ್ನು ಕೂರಿಸಿಕೊಂಡು ಒಂದೊಂದು ದಿನವನ್ನೂ ಕೇಳಿದೆ. ಬುಧವಾರ ಬಿಸಿಲಿತ್ತು, ಸೌದೆ ಒಣಗಿಸಿದ್ದೆ ಎಂದಳು. ಉಳಿದ ದಿನವೆಲ್ಲ ಮಳೆಗೆ ತಲೆ ಮೇಲೆ ಗೊರಬು ಹಾಕಿಕೊಂಡೇ ತೋಟಕ್ಕೆ ಬಂದದ್ದಂತೆ. ನಾನು ಮೊದಲ ಸಲ ಆ ರಿಜಿಸ್ಟರಿನಲ್ಲಿ ಪೆನ್ನಿಟ್ಟೆ. ಮೇಲಿನ ಸಾಲು ನೋಡಿಕೊಂಡು ಹತ್ತು ಸಲ ‘ರೇನ್ ಫೆಲ್’, ಬುಧವಾರಕ್ಕೆ ‘ನೋ ರೇನ್’. ಅಂಕಿಯ ಜಾಗ ಬಿಟ್ಟೆ.

ಮೈದುನ ನೋಡಿದ. “ಹಲ್ಲು ಬಿದ್ದ ಬಾಯಿ ಹಾಗಾಯ್ತಲ್ಲ ಅತ್ತಿಗೆ.”

“ಬಿದ್ದದ್ದು ಗೊತ್ತು. ಎಷ್ಟು ಅಂತ ಗೊತ್ತಿಲ್ಲ. ಹಾಗೇ ಇರ್ಲಿ” ಎಂದೆ.

ಅವನು ಪುಸ್ತಕ ಮುಚ್ಚಿ ಕಪಾಟಿನಲ್ಲಿಟ್ಟ. ಅಂಕಿ ತರುವ ಮಾತನ್ನು ಮತ್ತೆ ಎತ್ತಲಿಲ್ಲ.

ಈಗ ಅಳೆಯುವುದು, ಬರೆಯುವುದು ಎರಡೂ ನಾನೇ. ನನ್ನ ನಂತರ ನಿಮ್ಮಲ್ಲಿ ಯಾರಾದರೂ ಮುಂದುವರಿಸಿದರೆ ಸಂತೋಷ, ಇಲ್ಲದಿದ್ದರೂ ಬೇಸರವಿಲ್ಲ. ಆ ಪುಟ ಸಿಕ್ಕಾಗ ಖಾಲಿ ಜಾಗ ಮಾತ್ರ ತುಂಬಬೇಡಿ.