ತಿಂಥಣಿ ಮರಳಿನ ಮೇಲಿನ ಫೋಟೋ

ನಮ್ಮ ಕಡೆ ಕಾಲುವೆಗೆ ನೀರು ಬಿಟ್ಟ ಮೊದಲ ವರ್ಷಗಳವು. ಶಹಾಪುರದಲ್ಲಿ ನನ್ನದೊಂದು ಸಣ್ಣ ಫೋಟೋ ಸ್ಟುಡಿಯೋ ಇತ್ತು. ಕಪ್ಪು-ಬಿಳುಪಿನ ಕಾಲ. ಆ ಬೇಸಿಗೆಯಲ್ಲಷ್ಟೇ ಬೆಳಕು ಅಳೆಯುವ ಮೀಟರ್ ಒಳಗೇ ಇರುವ ಕ್ಯಾಮೆರಾ ಕೊಂಡಿದ್ದೆ. ಸುರಪುರದಿಂದ ಯಾದಗಿರಿವರೆಗೆ ಅಂಥದ್ದು ಯಾರ ಹತ್ತಿರವೂ ಇಲ್ಲ ಎಂದು ಕೇಳಿದವರಿಗೂ ಕೇಳದವರಿಗೂ ಹೇಳಿಕೊಂಡು ತಿರುಗುತ್ತಿದ್ದೆ.

ತಿಂಥಣಿಯ ಹನುಮವ್ವ ಬಂದದ್ದು ಆಗಲೇ. ಗಂಡ ತೀರಿಕೊಂಡಿದ್ದ, ಹೊಳೆಯಲ್ಲಿ ಮೀನು ಹಿಡಿಯುವ ಅವನ ಪರವಾನಗಿಯನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಬೇಕಿತ್ತು. ಬಲೆ, ಹರಗೋಲು ಸಮೇತ ಹೊಳೆದಂಡೆಯಲ್ಲಿ ತೆಗೆದ ಫೋಟೋ ಬೇಕು, ಮುಖ ಗುರುತು ಸಿಗಬೇಕು ಎಂದು ಮೀನುಗಾರಿಕೆ ಕಚೇರಿಯವರು ಹೇಳಿದ್ದರು. ಸೋಮವಾರದೊಳಗೆ ಕೊಡದಿದ್ದರೆ ಪರವಾನಗಿ ಗಂಡನ ಅಣ್ಣ ಮಾನಪ್ಪನಿಗೆ ಹೋಗುತ್ತಿತ್ತು.

"ಅಣ್ಣಾರ, ಮಾರಿ ಚಂದ ಬರದಿದ್ರೂ ನಡೀತೈತ್ರಿ. ನಾನ ಅಂತ ಗೊತ್ತಾದ್ರ ಸಾಕು," ಎಂದಳು.

"ನನ್ನ ಕ್ಯಾಮೆರಾದಾಗ ಚಂದ ಬರದೇ ಇರೂದಿಲ್ಲವ್ವಾ," ಎಂದೆ.

ಗುರುವಾರ ಮಧ್ಯಾಹ್ನ ಹೋದೆ. ಕೃಷ್ಣೆಯ ಮರಳು ಕಣ್ಣು ಬಿಡಲಾಗದಷ್ಟು ಹೊಳೆಯುತ್ತಿತ್ತು. ಮೀಟರ್ ಹೇಳಿದಂತೆ ಅಪರ್ಚರ್, ಅಂದರೆ ಬೆಳಕು ಒಳಬರುವ ಕಿಂಡಿಯನ್ನು ೨೨ಕ್ಕೆ ಕಿರಿದು ಮಾಡಿ, ಆರು ಫೋಟೋ ತೆಗೆದೆ. ಮರುದಿನ ಫಿಲ್ಮ್ ತೊಳೆದು ಪ್ರಿಂಟ್ ಹಾಕಿದೆ. ಹರಗೋಲಿನ ಬಿದಿರಿನ ಹೆಣಿಗೆ ಎಣಿಸಬಹುದಿತ್ತು. ಸೆರಗಿನೊಳಗೆ ಮುಖವಿರಬೇಕಾದಲ್ಲಿ ಬರೀ ಕಪ್ಪು. ಮೀಟರ್ ಅಳೆದದ್ದು ಮರಳನ್ನು, ಹನುಮವ್ವನನ್ನಲ್ಲ.

ಹನುಮವ್ವ ಪ್ರಿಂಟನ್ನು ತಿರುಗಿಸಿ ಮುರುಗಿಸಿ ನೋಡಿದಳು. "ಇದು ಯಾರ್ರಿ ಅಣ್ಣಾರ?"

ನನ್ನ ಮಾನ ಅಲ್ಲೇ ಹೋಯಿತು. ಪುಕ್ಕಟೆಯಾಗಿ ಮತ್ತೆ ತೆಗೆದುಕೊಡುತ್ತೇನೆಂದು ಭಾನುವಾರ ಮತ್ತೆ ಹೊರಟೆ.

ಈ ಸಲ ಹುಷಾರಾಗಿದ್ದೆ. ಸೂರ್ಯನಿಗೆ ಬೆನ್ನು ಮಾಡಿ ಹರಗೋಲಿನ ಪಕ್ಕ ಬಲೆ ಹಿಡಿದು ಕೂರಿಸಿದೆ. ಎದುರಿನ ಮರಳೇ ಮುಖಕ್ಕೆ ಬೆಳಕು ಚೆಲ್ಲಲಿ ಎಂದು. ನನ್ನ ಅಂಗೈಯನ್ನು ಅವಳ ಮುಖದ ಮೇಲಿದ್ದಂಥದೇ ನೆರಳಿಗೆ ಹಿಡಿದು, ಮೀಟರಿನಿಂದ ಅದರ ಬೆಳಕು ಅಳೆದೆ. ೮ ಬಂತು, ಕಿಂಡಿಯನ್ನು ಅಷ್ಟು ಅಗಲ ಮಾಡಿದೆ. ಎಲ್ಲ ಸರಿ, ಸೆರಗು ಮಾತ್ರ ಹಣೆ ದಾಟಿ ಕೆಳಗೇ.

"ಸೆರಗ ಹಿಂದ ಸರಿಸವ್ವಾ!"

ಇನ್ನೂ ಕೆಳಗೆ ಎಳೆದುಕೊಂಡಳು. ಮೂರು ಸಲ ಹೇಳಿದೆ, ನಾಲ್ಕನೆಯ ಸಲ ರೇಗಿದೆ. "ಪರವಾನಗಿ ಬೇಕೋ ಬ್ಯಾಡೋ ನಿನಗ?"

ಅವಳು ತಲೆ ತಗ್ಗಿಸಿಯೇ ಮೆಲ್ಲಗೆ ಹೇಳಿದಳು: "ಭಾವಾರು ನಿಂತಾರಲ್ರಿ."

ಹಿಂತಿರುಗಿ ನೋಡಿದೆ. ನನ್ನ ಚೀಲ ಹಿಡಿದುಕೊಂಡು ಮಾನಪ್ಪ ನಿಂತಿದ್ದ. ಎರಡೂ ದಿನ ಹರಗೋಲು ಹೊತ್ತು ತಂದವನು ಅವನೇ. ಗಂಡನ ಅಣ್ಣನ ಎದುರು ನಮ್ಮ ಕಡೆ ಹೆಣ್ಣುಮಕ್ಕಳು ಸೆರಗು ತೆಗೆಯುವುದಿಲ್ಲ. ಈ ನೆಲದಲ್ಲೇ ಹುಟ್ಟಿ ಬೆಳೆದ ನನಗೆ ಅದು ಹೊಳೆಯಲಿಲ್ಲವಲ್ಲ! ನಾಚಿಕೆಯಾಯಿತು. ಆಚೆ ಹೋಗೆಂದರೆ ಅವನು ಯಾಕೆ ಹೋದಾನು? ಈ ಫೋಟೋ ಕೆಟ್ಟರೆ ಪರವಾನಗಿ ಸಿಗುವುದು ಅವನಿಗೇ ತಾನೆ?

ಮಾನಪ್ಪ ಚೀಲವನ್ನು ನನ್ನ ಕಾಲ ಬಳಿ ಇಟ್ಟ. ಧೋತರ ಎತ್ತಿ ಕಟ್ಟಿ, ಹನುಮವ್ವನನ್ನು ದಾಟಿ ಅವಳ ಹಿಂದಿನ ಮೊಣಕಾಲುದ್ದ ನೀರಿಗಿಳಿದು, ನಮಗೆ ಬೆನ್ನು ಮಾಡಿ ಆಚೆ ದಂಡೆ ನೋಡುತ್ತ ನಿಂತ.

"ತಗೀರಿ ಮಾಸ್ತರ್ರ. ನೀವು ಮುಗೀತು ಅನ್ನೂತನಕ ನಾ ತಿರುಗಂಗಿಲ್ಲ."

ಹನುಮವ್ವ ಸೆರಗನ್ನು ಭುಜಕ್ಕೆ ಸರಿಸಿ, ನೇರವಾಗಿ ಕ್ಯಾಮೆರಾ ನೋಡಿದಳು. ಮರಳಿನ ಬೆಳಕು ಅವಳ ಕಣ್ಣಿನಲ್ಲಿ ಕಾಣುತ್ತಿತ್ತು. ಒಂದೇ ಸಲ ಒತ್ತಿದೆ.

ಸೋಮವಾರ ಫೋಟೋ ಕಚೇರಿಗೆ ಹೋಯಿತು. ಮುಂದೆ ಪರವಾನಗಿ ಹನುಮವ್ವನ ಹೆಸರಿಗೇ ಬಂತು. ಅದನ್ನು ತೋರಿಸಲು ಇಬ್ಬರೂ ಸ್ಟುಡಿಯೋಗೆ ಬಂದಿದ್ದರು. ಮಾನಪ್ಪ ತನಗೂ ಒಂದು ಪ್ರಿಂಟ್ ಕೇಳಿದ.

"ಮೂಲಿಯೊಳಗ ನಿನ್ನ ಬೆನ್ನಷ್ಟ ಬಂದೈತೋ ಮಾರಾಯ," ಎಂದೆ.

"ಇರ್ಲಿ ಬಿಡ್ರಿ, ಗ್ವಾಡಿಗಿ ಹಾಕ್ತೀನಿ. ನನ್ನ ಬೆನ್ನು ನಾ ಯಾವಾಗ ನೋಡೀನಿ?" ಎಂದು ನಕ್ಕ. ಸೆರಗಿನೊಳಗೆ ಹನುಮವ್ವನೂ ನಕ್ಕದ್ದು ಕೇಳಿಸಿತು.

ಬಿಸಿಲಿನಲ್ಲಿ ಅಂಗೈಯಿಂದ ಬೆಳಕು ಅಳೆಯುವುದನ್ನು ನಾನು ಅಲ್ಲಿ ಕಲಿತೆ. ಅದನ್ನು ಯಾರಾದರೂ ಕಲಿಸಬಹುದಿತ್ತು. ಆದರೆ ಅಂದಿನಿಂದ ಅಂಗಡಿ ಮುಚ್ಚುವವರೆಗೂ, ಯಾರದೇ ಮುಖ ಸರಿಯಾಗಿ ಕಾಣಿಸದಿದ್ದಾಗ ಅವರ ಮೇಲೆ ರೇಗುವ ಮೊದಲು, ನನ್ನ ಹಿಂದೆ ಯಾರು ನಿಂತಿದ್ದಾರೆ ಎಂದು ಒಮ್ಮೆ ತಿರುಗಿ ನೋಡುತ್ತಿದ್ದೆ.